ಕಾಂತೀಯ ಅಣುಗಳು ಮತ್ತು ಬಯೋಇನಾರ್ಗ್ಯಾನಿಕ್ ರಸಾಯನ: ಸಂಶೋಧನೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಎಸ್ಸಿ ಮುಗಿಸುತ್ತಿರುವವರು, ಪಿಎಚ್‌ಡಿಗೆ ಈಗಷ್ಟೇ ಸೇರಿದವರು ಮತ್ತು ಕಾಲೇಜಿನಲ್ಲಿ ನಿರವಯವ ರಸಾಯನಶಾಸ್ತ್ರ ಕಲಿಸುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಬಹುತೇಕ ಒಂದೇ ಅಣುವನ್ನು ಹಿಡಿದುಕೊಂಡಿದ್ದೇವೆ: ಹನ್ನೆರಡು ಮ್ಯಾಂಗನೀಸ್‌ಗಳ ಗೊಂಚಲಾದ ಮ್ಯಾಂಗನೀಸ್-12 ಅಸಿಟೇಟ್. ಈ ಕ್ಷೇತ್ರದ ಕಷ್ಟಸುಖವೆಲ್ಲ ಅದೊಂದರಲ್ಲೇ ಸಿಗುತ್ತದೆ.

ಜೀವಿಗಳೊಳಗಿನ ಲೋಹ ಓದುವವರಿಗೆ ಅಯಸ್ಕಾಂತದ ಗೊಡವೆ ಯಾಕೆ?

ಲೋಹದ ಅಯಾನಿನಲ್ಲಿ ಜೋಡಿಯಾಗದ ಎಲೆಕ್ಟ್ರಾನ್‌ಗಳು ಎಷ್ಟಿವೆ ಎಂದು ತಿಳಿಯಲು ಕಾಂತೀಯ ಅಳತೆಗಿಂತ ನೇರ ದಾರಿ ಇಲ್ಲ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಹಿಮೋಗ್ಲೋಬಿನ್ನನ್ನು ಹೀಗೆ ಅಳೆದರು. ಆಮ್ಲಜನಕ ಕೂಡಿದಾಗ ಜೋಡಿಯಾಗದ ಎಲೆಕ್ಟ್ರಾನ್ ಒಂದೂ ಕಾಣಲಿಲ್ಲ. ಆಮ್ಲಜನಕ ಬಿಟ್ಟಾಗ ಪ್ರತಿ ಹೀಮ್‌ಗೆ ನಾಲ್ಕು ಕಂಡವು. ಏಡಿ, ಆಕ್ಟೋಪಸ್‌ಗಳ ನೀಲಿ ರಕ್ತದ ಹಿಮೋಸಯನಿನ್‌ನಲ್ಲಿ ಆಮ್ಲಜನಕ ಕೂಡಿದ ಮೇಲೆ ಅಕ್ಕಪಕ್ಕ ಎರಡು ತಾಮ್ರ(2) ಅಯಾನುಗಳಿರುತ್ತವೆ (ಆವರಣದ ಅಂಕಿ ಆಕ್ಸಿಡೇಶನ್ ಸ್ಥಿತಿ). ಆದರೂ ಜೋಡಿಯಾಗದ ಎಲೆಕ್ಟ್ರಾನ್‌ಗಳನ್ನು ಹುಡುಕುವ ಇಪಿಆರ್ ಯಂತ್ರಕ್ಕೆ ಏನೂ ಕಾಣುವುದಿಲ್ಲ, ಏಕೆಂದರೆ ನಡುವಿನ ಆಮ್ಲಜನಕದ ಸೇತುವೆಯ ಮೂಲಕ ಎರಡೂ ಸ್ಪಿನ್‌ಗಳು (ಎಲೆಕ್ಟ್ರಾನಿನ ಪುಟ್ಟ ಕಾಂತಗಳು) ಎದುರುಬದುರಾಗಿ ಕಟ್ಟಿಕೊಂಡಿವೆ. ಇಂಥ ಜೋಡಣೆಯನ್ನು ಪ್ರೋಟೀನಿನಲ್ಲಿ ಬಿಡಿಸಿ ಓದಲು ಕಲಿತವರಿಗೆ, ಕೃತಕವಾಗಿ ಕಟ್ಟಿದ ಹನ್ನೆರಡು ಲೋಹಗಳ ಗೊಂಚಲು ತೀರಾ ಅಪರಿಚಿತವಲ್ಲ.

ನೇರವಾದ ಕೊಂಡಿಗಳೂ ಇವೆ. ಫೆರಿಟಿನ್ ಎಂಬ ಪ್ರೋಟೀನಿನ 24 ಘಟಕಗಳು ಸೇರಿ 12 ನ್ಯಾನೋಮೀಟರ್ ಅಗಲದ ಟೊಳ್ಳು ಗೋಳವಾಗುತ್ತವೆ. ಅದರ 8 ನ್ಯಾನೋಮೀಟರ್ ಹೊಟ್ಟೆಯಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳವರೆಗೆ ಹಿಡಿಸುತ್ತವೆ. 1975ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ವರದಿ ಮಾಡಿದ ಬ್ಯಾಕ್ಟೀರಿಯಾಗಳು ಮೈಯೊಳಗೆ ಮ್ಯಾಗ್ನೆಟೈಟ್ ಕಣಗಳ ಸರವನ್ನೇ ಬೆಳೆಸಿ, ಭೂಮಿಯ ಕಾಂತಕ್ಷೇತ್ರ ಹಿಡಿದು ಈಜುತ್ತವೆ.

ಎಲೆ ನೀರನ್ನು ಒಡೆಯುವ ಬಗೆ ಓದುತ್ತಿದ್ದವರು ಅಯಸ್ಕಾಂತಕ್ಕೆ ಹೇಗೆ ಬಂದರು?

ಅಕಸ್ಮಾತ್ತಾಗಿ ಅಂತಲೇ ಹೇಳಬೇಕು. ದ್ಯುತಿಸಂಶ್ಲೇಷಣೆಯಲ್ಲಿ ನೀರಿನಿಂದ ಆಮ್ಲಜನಕ ಬಿಡಿಸುವ ಕೇಂದ್ರದಲ್ಲಿ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇವೆ. 1981ರಲ್ಲಿ ಅದರ ಬಹುಗೆರೆ ಇಪಿಆರ್ ಸಂಕೇತ ಸಿಕ್ಕಾಗ, ಒಂದಕ್ಕಿಂತ ಹೆಚ್ಚು ಮ್ಯಾಂಗನೀಸ್‌ಗಳು ಒಟ್ಟಿಗೆ ಬೆಸೆದಿವೆ ಎಂಬುದು ಗೊತ್ತಾಯಿತು. ಪೂರ್ತಿ ರಚನೆ 1.9 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಕಂಡದ್ದು 2011ರಲ್ಲಿ, ಜಪಾನಿನ ತಂಡದಿಂದ. ನಡುವಿನ ಮೂವತ್ತು ವರ್ಷ ರಸಾಯನಶಾಸ್ತ್ರಜ್ಞರು ಮಾದರಿ ಅಣುಗಳನ್ನು ಕಟ್ಟಿ ಹೋಲಿಸುತ್ತಿದ್ದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಜಾರ್ಜ್ ಕ್ರಿಸ್ಟೂ ಅವರಲ್ಲೊಬ್ಬರು. ಮ್ಯಾಂಗನೀಸ್, ಆಕ್ಸೈಡ್, ಕಾರ್ಬಾಕ್ಸಿಲೇಟ್ ಬೆರೆಸಿದರೆ ನಾಲ್ಕರ ಗೊಂಚಲಿನ ಜೊತೆ ದೊಡ್ಡವೂ ಹುಟ್ಟುತ್ತಿದ್ದವು.

ಮ್ಯಾಂಗನೀಸ್-12 ಅಸಿಟೇಟನ್ನು ಪೋಲೆಂಡಿನ ಲಿಸ್ 1980ರಲ್ಲೇ ಮಾಡಿ ರಚನೆ ಪ್ರಕಟಿಸಿದ್ದರು. ಹತ್ತು ವರ್ಷದಷ್ಟು ಕಾಲ ಯಾರಿಗೂ ಅದರ ಗುಟ್ಟು ಗೊತ್ತಿರಲಿಲ್ಲ. 1993ರಲ್ಲಿ ಇಟಲಿಯ ಫ್ಲಾರೆನ್ಸಿನ ರೊಬೆರ್ತಾ ಸೆಸ್ಸೋಲಿ, ದಾಂತೆ ಗಾತ್ತೆಸ್ಕಿ ಮತ್ತು ಸಂಗಡಿಗರು ಒಂದೊಂದು ಅಣುವೂ ತನ್ನ ಕಾಂತೀಯತೆಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ ಎಂದು ತೋರಿಸಿದರು. ಇಂಥವನ್ನು ಒಂಟಿ ಅಣುವಿನ ಕಾಂತಗಳು ಎಂದು ಕರೆಯುವ ರೂಢಿ 1996ರಿಂದ ಬಂತು. ಆ ಹೆಸರು ಬಳಸಿದ ಪ್ರಬಂಧದಲ್ಲಿ ಕ್ರಿಸ್ಟೂ ಮತ್ತು ಡೇವಿಡ್ ಹೆಂಡ್ರಿಕ್ಸನ್ ತಂಡಗಳಿದ್ದವು. 2001ರಲ್ಲಿ ಕ್ರಿಸ್ಟೂ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಹೋದರು. 2004ರಲ್ಲಿ ಅಲ್ಲಿಂದ 84 ಮ್ಯಾಂಗನೀಸ್‌ಗಳ, ಸುಮಾರು 4 ನ್ಯಾನೋಮೀಟರ್ ಅಗಲದ ಬಳೆಯಾಕಾರದ ಅಣು ಹೊರಬಂತು. ಅದರ ಕಚ್ಚಾ ಸರಕು ಅದೇ ಹಳೆಯ ಮ್ಯಾಂಗನೀಸ್-12.

ಆ ಅಣುವಿನಲ್ಲಿ ಅಂಥದ್ದೇನಿದೆ?

ನಡುವೆ ನಾಲ್ಕು ಮ್ಯಾಂಗನೀಸ್(4), ಸುತ್ತ ಎಂಟು ಮ್ಯಾಂಗನೀಸ್(3). ಹೊರಗಿನ ಎಂಟರ ಸ್ಪಿನ್ 2ರಂತೆ ಒಟ್ಟು 16. ಒಳಗಿನ ನಾಲ್ಕರದ್ದು ಒಂದೂವರೆಯಂತೆ 6, ಅದೂ ವಿರುದ್ಧ ದಿಕ್ಕಿಗೆ. ಉಳಿದದ್ದು 10. ಮ್ಯಾಂಗನೀಸ್(3)ರ ಯಾನ್-ಟೆಲ್ಲರ್ ಪರಿಣಾಮದಿಂದ ಹಿಗ್ಗಿದ ಬಂಧಗಳ ಅಕ್ಷಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ನಿಂತಿರುವುದರಿಂದ ಆ 10ರ ಸ್ಪಿನ್‌ಗೆ ಮೇಲೆ ಅಥವಾ ಕೆಳಗೆ ನಿಲ್ಲುವುದೇ ಹಿತ. ತಲೆಕೆಳಗಾಗಬೇಕಾದರೆ ಸುಮಾರು 62 ಕೆಲ್ವಿನ್ ಎತ್ತರದ ಶಕ್ತಿಯ ದಿಬ್ಬ ಹತ್ತಿ ಇಳಿಯಬೇಕು.

ದಿಬ್ಬ ಹತ್ತುವ ವೇಗ ತಾಪಮಾನಕ್ಕೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಅರೇನಿಯಸ್ ಸೂತ್ರದಲ್ಲಿ ಘಾತದ ಮುಂದಿನ ಗುಣಾಂಕ 2.1 × 10⁻⁷ ಸೆಕೆಂಡು ಎಂದಿಟ್ಟುಕೊಂಡರೆ, 4 ಕೆಲ್ವಿನ್‌ನಲ್ಲಿ ಕಾಂತೀಯತೆ ಅಳಿಯಲು ಒಂದು ಸೆಕೆಂಡು ಸಾಕು. 3 ಕೆಲ್ವಿನ್‌ನಲ್ಲಿ ಮೂರು ನಿಮಿಷ ಚಿಲ್ಲರೆ. 2 ಕೆಲ್ವಿನ್‌ನಲ್ಲಿ ಎರಡು ತಿಂಗಳಿಗೂ ಮೇಲೆ! 1996ರಲ್ಲಿ ಇನ್ನೊಂದು ಸೋಜಿಗ ಸಿಕ್ಕಿತು: ಹಿಸ್ಟೆರಿಸಿಸ್ ಕುಣಿಕೆಯಲ್ಲಿ (ಕ್ಷೇತ್ರ ಏರಿಸಿ ಇಳಿಸುವಾಗ ಕಾಂತೀಯತೆ ಹಿಂದೆ ಬೀಳುವ ಗ್ರಾಫ್) ಸುಮಾರು 0.45 ಟೆಸ್ಲಾಕ್ಕೊಂದರಂತೆ ಮೆಟ್ಟಿಲುಗಳು. ಸ್ಪಿನ್ ದಿಬ್ಬ ಹತ್ತದೆ ಕ್ವಾಂಟಂ ಸುರಂಗದಲ್ಲಿ ನುಸುಳಿ ಆಚೆ ಹೋಗುವ ಗುರುತು ಅವು.

ಇದನ್ನು ಎಂಎಸ್ಸಿ ಲ್ಯಾಬಿನಲ್ಲಿ ಮಾಡಬಹುದೇ?

ಧಾರಾಳವಾಗಿ. ಗ್ಲವ್ ಬಾಕ್ಸ್ ಬೇಡ, ಸಾರಜನಕ ಬೇಡ. 24 ಮಿಲಿಲೀಟರ್ ಗ್ಲೇಸಿಯಲ್ ಅಸಿಟಿಕ್ ಆಮ್ಲಕ್ಕೆ 16 ಮಿಲಿಲೀಟರ್ ನೀರು ಸೇರಿಸಿ ಶೇ. 60ರ ದ್ರಾವಣ ಮಾಡಿಕೊಳ್ಳಿ. ಅದರಲ್ಲಿ 4.0 ಗ್ರಾಂ ಮ್ಯಾಂಗನೀಸ್(2) ಅಸಿಟೇಟ್ ಟೆಟ್ರಾಹೈಡ್ರೇಟ್ ಕರಗಿಸಿ. 1.0 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನು ಮೊದಲೇ ನುಣ್ಣಗೆ ಅರೆದಿಟ್ಟು, ಕಲಕುತ್ತಾ ಚಿಟಿಕೆ ಚಿಟಿಕೆಯಾಗಿ ಎರಡು ನಿಮಿಷದಲ್ಲಿ ಹಾಕಿ ಮುಗಿಸಿ. ಎಲ್ಲ ಕರಗುವ ತನಕ ಇನ್ನೆರಡು ನಿಮಿಷ ಕಲಕಿ, ಮುಚ್ಚಿ, ಅಲುಗಾಡದ ಜಾಗದಲ್ಲಿ ಮೂರು ದಿನ ಬಿಡಿ. ತಳದಲ್ಲಿ ಕಪ್ಪು ಕಡ್ಡಿಯಂಥ ಹರಳುಗಳು ಕೂರುತ್ತವೆ. ಸೋಸಿ, ಅಸಿಟೋನ್‌ನಲ್ಲಿ ತೊಳೆದು, ಗಾಳಿಯಲ್ಲೇ ಒಣಗಿಸಿ.

ಪ್ರಮಾಣಗಳ ಹಿಂದೆ ಲೆಕ್ಕವಿದೆ. ಹನ್ನೆರಡು ಮ್ಯಾಂಗನೀಸ್‌ಗಳ ಸರಾಸರಿ ಆಕ್ಸಿಡೇಶನ್ ಸ್ಥಿತಿ 3.33. ಎರಡರದ್ದು ಮತ್ತು ಏಳರದ್ದು ಬೆರೆಸಿ ಆ ಸರಾಸರಿ ಬರಬೇಕಾದರೆ ಪ್ರತಿ 11 ಮೋಲ್ ಮ್ಯಾಂಗನೀಸ್(2)ಗೆ 4 ಮೋಲ್ ಪರ್ಮ್ಯಾಂಗನೇಟ್ ಬೇಕು. 4.0 ಗ್ರಾಂ ಅಸಿಟೇಟಿಗೆ ಅದು 0.94 ಗ್ರಾಂ. ಅಂದರೆ 1.0 ಗ್ರಾಂ ಎಂಬುದು ತುಸು ಹೆಚ್ಚೇ; ಅದಕ್ಕೂ ಮೇಲೆ ಸುರಿಯಬೇಡಿ. ಎಲ್ಲ ಮ್ಯಾಂಗನೀಸೂ ಹರಳಾದರೆ ಸಿಗಬಹುದಾದದ್ದು 3.9 ಗ್ರಾಂ, ಅಷ್ಟು ಯಾರಿಗೂ ಸಿಗುವುದಿಲ್ಲ.

ಹರಳಿನ ಬದಲು ಕಂದು ಕೆಸರು ಬಂತು. ಎಲ್ಲಿ ತಪ್ಪಿತು?

ಆ ಕೆಸರು ಮ್ಯಾಂಗನೀಸ್ ಡೈಆಕ್ಸೈಡ್. ಮ್ಯಾಂಗನೀಸ್(3) ಬರೀ ನೀರಿನಲ್ಲಿ ನಿಲ್ಲುವುದಿಲ್ಲ: ಎರಡು ಅಯಾನು ಸೇರಿ ಒಂದು ಕೆಳಗಿಳಿದು (2) ಆಗುತ್ತದೆ, ಇನ್ನೊಂದು ಮೇಲೇರಿ ಡೈಆಕ್ಸೈಡ್ ಆಗಿ ಕೂರುತ್ತದೆ. ಅಸಿಟಿಕ್ ಆಮ್ಲ ಕಡಿಮೆಯಾದರೆ, ಬಿಸಿ ಹೆಚ್ಚಾದರೆ, ಪರ್ಮ್ಯಾಂಗನೇಟ್ ಒಂದೇ ಸಲ ಬಿದ್ದರೆ ಹೀಗಾಗುತ್ತದೆ. ಅರೆಯದ ಪರ್ಮ್ಯಾಂಗನೇಟ್ ಹರಳು ತಳದಲ್ಲಿ ಕೂತರೆ ಅದರ ಸುತ್ತಲೇ ಕೆಸರು ಕಟ್ಟುತ್ತದೆ. ದ್ರಾವಣದಲ್ಲಿ ತುಸು ಕೆಸರು ಕಂಡ ಕೂಡಲೇ ಸೋಸಿ, ತಿಳಿಯನ್ನು ಹರಳಿಗೆ ಇಟ್ಟರೆ ಬ್ಯಾಚ್ ಉಳಿಯಬಹುದು. ಹರಳಿನ ಜೊತೆ ಕೆಸರು ಬೆರೆತ ಮೇಲೆ ಬೇರ್ಪಡಿಸುವ ಸಾಹಸಕ್ಕಿಂತ ಹೊಸದಾಗಿ ಮಾಡುವುದೇ ಲೇಸು.

ಹರಳು ಬಂದರೂ ತೀರಾ ಸಣ್ಣದಾದರೆ ಪಾತ್ರೆ ಅಲುಗಾಡುತ್ತಿದೆ ಅಥವಾ ಧೂಳಿದೆ ಎಂದರ್ಥ. ಏಸಿ, ಪಂಪು ಇರುವ ಬೆಂಚಿನ ಮೇಲೆ ಇಡಬೇಡಿ.

ಅಸಿಟೇಟಿನ ಜಾಗದಲ್ಲಿ ಬೇರೆ ಆಮ್ಲ ಕೂರಿಸಬಹುದೇ?

ಈ ಅಣುವಿನ ದೊಡ್ಡ ಅನುಕೂಲವೇ ಅದು. ಟಾಲ್ಯೂಯಿನ್‌ನಲ್ಲಿ ಬೆನ್ಜೋಯಿಕ್ ಆಮ್ಲದಂಥದ್ದನ್ನು ಹೆಚ್ಚಾಗಿ ಹಾಕಿ ಕಲಕಿ, ನಿರ್ವಾತದಲ್ಲಿ ಆವಿ ತೆಗೆಯುತ್ತಾರೆ. ಟಾಲ್ಯೂಯಿನ್ ಹೋಗುವಾಗ ಬಿಡುಗಡೆಯಾದ ಅಸಿಟಿಕ್ ಆಮ್ಲವನ್ನೂ ಅಜಿಯೋಟ್ರೋಪಾಗಿ, ಅಂದರೆ ಒಟ್ಟಿಗೇ ಕುದಿಯುವ ಮಿಶ್ರಣವಾಗಿ, ಎಳೆದೊಯ್ಯುತ್ತದೆ. ಸಮತೋಲ ಮುಂದಕ್ಕೆ ಸರಿಯುತ್ತದೆ. ಒಮ್ಮೆ ಮಾಡಿ ನಿಲ್ಲಿಸಿದರೆ ಹದಿನಾರರಲ್ಲಿ ಕೆಲವು ಅಸಿಟೇಟ್ ಉಳಿದುಬಿಡುತ್ತವೆ. ಎರಡು-ಮೂರು ಸಲ ಟಾಲ್ಯೂಯಿನ್ ಹಾಕಿ ತೆಗೆದು, ಪ್ರೋಟಾನ್ ಎನ್‌ಎಂಆರ್‌ನಲ್ಲಿ ಅಸಿಟೇಟಿನ ಗೆರೆ ಮಾಯವಾಗಿದೆಯೇ ನೋಡಬೇಕು. ಪ್ಯಾರಾಮ್ಯಾಗ್ನೆಟಿಕ್ ಅಣುವಾದ್ದರಿಂದ ಗೆರೆಗಳು ಅಗಲವಾಗಿ, ಮಾಮೂಲಿ 0–10 ಪಿಪಿಎಂ ಕಿಟಕಿಯ ಆಚೆ ಬಿದ್ದಿರುತ್ತವೆ. ಕಿಟಕಿ ಅಗಲಿಸಿಯೇ ಹುಡುಕಿ.

ಸ್ಕ್ವಿಡ್ ಯಂತ್ರಕ್ಕೆ ಮಾದರಿ ಹೇಗೆ ಸಿದ್ಧಪಡಿಸಬೇಕು?

ಸ್ಕ್ವಿಡ್ ಎಂದರೆ ತೀರಾ ಸಣ್ಣ ಕಾಂತೀಯತೆಯನ್ನೂ ಅಳೆಯುವ ಸೂಪರ್‌ಕಂಡಕ್ಟಿಂಗ್ ಯಂತ್ರ. ಅರ್ಧಕ್ಕರ್ಧ ಪ್ರಬಂಧಗಳು ಎಡವುವುದು ಇಲ್ಲೇ, ಆದ್ದರಿಂದ ಉದ್ದಕ್ಕೆ ಹೇಳುತ್ತೇವೆ.

10ರಿಂದ 30 ಮಿಲಿಗ್ರಾಂ ಸಾಕು, ಆದರೆ ತೂಕ 0.01 ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲೇ ಆಗಬೇಕು. ಜೆಲಟಿನ್ ಕ್ಯಾಪ್ಸೂಲಿಗೆ ಹಾಕಿ, ಪ್ಲಾಸ್ಟಿಕ್ ಸ್ಟ್ರಾ ಒಳಗೆ ನಡುಮಧ್ಯಕ್ಕೆ ಬಿಗಿಯಾಗಿ ಕೂರಿಸುತ್ತಾರೆ. ಸ್ಟೀಲ್ ಸ್ಪ್ಯಾಚುಲಾ ಮುಟ್ಟಿಸಬೇಡಿ, ಪ್ಲಾಸ್ಟಿಕ್ಕಿನದ್ದು ಬಳಸಿ. ಕಣ್ಣಿಗೆ ಕಾಣದ ಕಬ್ಬಿಣದ ಚೂರು ಸಾಕು, ದುರ್ಬಲ ಸಂಕೇತದ ಮಾದರಿ ಕೆಟ್ಟಿತು. ಅದನ್ನು ಹಿಡಿಯುವುದು ಸುಲಭ: 300 ಕೆಲ್ವಿನ್‌ನಲ್ಲಿ ಕ್ಷೇತ್ರವನ್ನು ಸೊನ್ನೆಯಿಂದ ಏರಿಸುತ್ತಾ ಅಳೆಯಿರಿ. ಸೊನ್ನೆಯ ಮೂಲಕ ಹಾಯುವ ನೇರ ಗೆರೆ ಬರಬೇಕು. ಮೊದಲು ಕಡಿದಾಗಿ ಏರಿ ಆಮೇಲೆ ಬಾಗಿದರೆ ಒಳಗೆ ಫೆರೋಮ್ಯಾಗ್ನೆಟಿಕ್ ಕಸ ಇದೆ.

ಸಣ್ಣ ಹರಳುಗಳು ಹೆಚ್ಚಿನ ಕ್ಷೇತ್ರದಲ್ಲಿ ಕ್ಯಾಪ್ಸೂಲಿನೊಳಗೆ ತಾವೇ ತಿರುಗಿ ಕ್ಷೇತ್ರಕ್ಕೆ ಸಾಲಾಗಿ ನಿಲ್ಲುತ್ತವೆ. ಆಗ ಅಳೆದದ್ದು ಪುಡಿಯ ಸರಾಸರಿ ಆಗಿರುವುದಿಲ್ಲ. ತಡೆಯಲು ಐಕೊಸೇನ್ ಬೆರೆಸುತ್ತಾರೆ. 37 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುವ ಮೇಣ ಅದು. ಬೆಚ್ಚಗೆ ಕರಗಿಸಿ ಪುಡಿಯ ಮೇಲೆ ಬಿಟ್ಟು ಗಟ್ಟಿಯಾಗಲು ಬಿಟ್ಟರೆ ಕಣಗಳು ಅಲ್ಲಾಡಲಾರವು. ಹಾಕಿದ ಮೇಣದ ತೂಕವನ್ನೂ ಬರೆದುಕೊಳ್ಳಿ, ಅದರ ಡಯಾಮ್ಯಾಗ್ನೆಟಿಕ್ (ಕ್ಷೇತ್ರವನ್ನು ತುಸು ವಿರೋಧಿಸುವ) ಪಾಲನ್ನೂ ಕಳೆಯಬೇಕಲ್ಲ.

50 ಕೆಲ್ವಿನ್ ಆಸುಪಾಸಿನಲ್ಲಿ ಗ್ರಾಫಿನಲ್ಲಿ ಸಣ್ಣ ಉಬ್ಬು ಕಂಡರೆ ಹೊಸ ಹಂತ ಪರಿವರ್ತನೆ ಸಿಕ್ಕಿತೆಂದು ಕುಣಿಯಬೇಡಿ. ಅದು ಒಳಗೆ ಸಿಕ್ಕಿಕೊಂಡ ಗಾಳಿಯ ಆಮ್ಲಜನಕ. ಯಂತ್ರದಲ್ಲಿ ಮಾದರಿ ಕೂರುವ ಕೋಶವನ್ನು ಹೀಲಿಯಂನಿಂದ ಮತ್ತೆ ಮತ್ತೆ ತೊಳೆದು ಅಳೆದರೆ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಮೋಸ ದ್ರಾವಕದ್ದು. ಮ್ಯಾಂಗನೀಸ್-12 ಅಸಿಟೇಟಿನ ಹರಳಿನಲ್ಲಿ ಪ್ರತಿ ಅಣುವಿಗೆ ಎರಡು ಅಸಿಟಿಕ್ ಆಮ್ಲ, ನಾಲ್ಕು ನೀರು ಬಿಡಿಯಾಗಿ ಕೂತಿರುತ್ತವೆ. ಅವೂ ಸೇರಿ ಅಣುತೂಕ 2060. ಅವು ಹಾರಿಹೋದರೆ 1868. ಒಣಗಿದ ಪುಡಿಗೆ 2060 ಎಂದು ಲೆಕ್ಕ ಹಾಕಿದರೆ ಪ್ರತಿ ಅಂಕಿಯೂ ಶೇ. 10ರಷ್ಟು ಉಬ್ಬುತ್ತದೆ. ಇಂಗಾಲದ ವಿಶ್ಲೇಷಣೆ ಇದನ್ನು ಹಿಡಿಯಲಾರದು: ದ್ರಾವಕ ಇದ್ದಾಗ 20.99, ಹೋದಾಗ 20.58. ಪತ್ರಿಕೆಗಳು ಒಪ್ಪುವ 0.4ರ ಅಂತರದ ಅಂಚಿನಲ್ಲೇ ಎರಡೂ ಇವೆ. ಹೈಡ್ರೋಜನ್ 3.52ರಿಂದ 3.02ಕ್ಕೆ ಇಳಿಯುತ್ತದೆ, ಅದನ್ನು ನೋಡಿ. ಇನ್ನೂ ಒಳ್ಳೆಯದು, ಅಳೆಯುವ ಬ್ಯಾಚಿನಿಂದಲೇ ಒಂದಿಷ್ಟು ತೆಗೆದು ಥರ್ಮೋಗ್ರ್ಯಾವಿಮೆಟ್ರಿ ಮಾಡಿಸುವುದು; ಎಲ್ಲ ದ್ರಾವಕ ಹೋದಾಗ ತೂಕ ಶೇ. 9.3 ಇಳಿಯಬೇಕು.

ಎಕ್ಸ್-ರೇಗೆ ಕೊಟ್ಟದ್ದು ನೂರರಲ್ಲೊಂದು ಚೆಂದದ ಹರಳು. ಸ್ಕ್ವಿಡ್‌ಗೆ ಹೋದದ್ದು ಉಳಿದ ತೊಂಬತ್ತೊಂಬತ್ತು. ಎರಡೂ ಒಂದೇ ವಸ್ತುವೇ ಎಂದು ತೋರಿಸುವ ಪುಡಿಯ ಎಕ್ಸ್-ರೇ ಮಾದರಿ ಇಲ್ಲದಿದ್ದರೆ ಮಿಕ್ಕ ಯಾವ ಗ್ರಾಫಿಗೂ ಬೆಲೆ ಕೊಡಬೇಕಾಗಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೈ-ಟಿ ಗ್ರಾಫ್ ಓದುವುದು ಹೇಗೆ?

ಗ್ರೀಕ್ ಅಕ್ಷರ ‘ಕೈ’ ಎಂದರೆ ಸಸೆಪ್ಟಿಬಿಲಿಟಿ (ಕ್ಷೇತ್ರಕ್ಕೆ ವಸ್ತು ಎಷ್ಟು ಕಾಂತವಾಗುತ್ತದೆ ಎಂಬ ಅಳತೆ), ಟಿ ಎಂದರೆ ತಾಪಮಾನ, ಗುಣಲಬ್ಧವೇ ಕೈ-ಟಿ. ಮೊದಲು ಸ್ಪಿನ್‌ಗಳು ಒಂದನ್ನೊಂದು ಲೆಕ್ಕಿಸದಿದ್ದರೆ ಎಷ್ಟು ಬರಬೇಕಿತ್ತು ಎಂದು ಬರೆದಿಟ್ಟುಕೊಳ್ಳಿ. ಮ್ಯಾಂಗನೀಸ್(3)ಕ್ಕೆ 3.0, ಮ್ಯಾಂಗನೀಸ್(4)ಕ್ಕೆ 1.875 ಘನ ಸೆಂಟಿಮೀಟರ್-ಕೆಲ್ವಿನ್ ಪ್ರತಿ ಮೋಲಿಗೆ. ಎಂಟು ಮತ್ತು ನಾಲ್ಕು ಸೇರಿ 31.5. ಕೋಣೆಯ ತಾಪಮಾನದಲ್ಲಿ ನಿಜಕ್ಕೂ ಕಾಣುವುದು 20ರ ಆಸುಪಾಸು, ಅಂದರೆ ಸ್ಪಿನ್‌ಗಳು ಈಗಾಗಲೇ ಎದುರಾಗಿ ಬೆಸೆದಿವೆ. ತಂಪು ಮಾಡುತ್ತಾ ಹೋದರೆ ಅದು ಏರಿ, 20 ಕೆಲ್ವಿನ್‌ನ ಕೆಳಗೆ 55ರ ಹತ್ತಿರ ತುದಿ ಮುಟ್ಟುತ್ತದೆ. ಸ್ಪಿನ್ 10 ಆದರೆ 10 × 11 ÷ 2, ಅಂದರೆ 55. ಲೆಕ್ಕ ಕೂಡಿತು.

ಡಯಾಮ್ಯಾಗ್ನೆಟಿಕ್ ತಿದ್ದುಪಡಿಗೆ ಪ್ಯಾಸ್ಕಲ್ ಸ್ಥಿರಾಂಕಗಳಿವೆ. ಅವಸರಕ್ಕೆ ಅಣುತೂಕದ ಅರ್ಧವನ್ನು 10⁻⁶ರಿಂದ ಗುಣಿಸಿ ಮೈನಸ್ ಹಾಕಿ. ಮ್ಯಾಂಗನೀಸ್-12ಕ್ಕೆ ಇದರಿಂದ ಕೋಣೆಯ ತಾಪಮಾನದಲ್ಲಿ ಶೇ. 2ರಷ್ಟೂ ವ್ಯತ್ಯಾಸವಾಗದು. ಆದರೆ ತಾಮ್ರದ ಅಸಿಟೇಟಿನಂಥ ದುರ್ಬಲ ಮಾದರಿಯಲ್ಲಿ ಅದೇ ಶೇ. 12ರ ಹತ್ತಿರ ಹೋಗುತ್ತದೆ.

ದಿಬ್ಬದ ಎತ್ತರ ಅಳೆಯುವಾಗ ಏನು ತಪ್ಪುತ್ತದೆ?

ಹಿಂದೆಮುಂದೆ ಓಲಾಡುವ ಸಣ್ಣ ಕ್ಷೇತ್ರ ಕೊಟ್ಟು, ಅಣು ಎಷ್ಟು ಹಿಂದೆ ಬೀಳುತ್ತದೆ ಎಂದು ನೋಡುವುದು ಎಸಿ ಅಳತೆ. ಹಿಂದೆ ಬಿದ್ದ ಭಾಗ, ಅಂದರೆ ‘ಹೊರ-ಹಂತ’ ಸಂಕೇತ, ಒಂದೊಂದು ಆವರ್ತನಕ್ಕೆ ಒಂದೊಂದು ತಾಪಮಾನದಲ್ಲಿ ತುದಿ ಮುಟ್ಟುತ್ತದೆ. ಆ ತುದಿಗಳಿಂದ ಅರೇನಿಯಸ್ ಗೆರೆ ಎಳೆಯುತ್ತಾರೆ. ತುದಿಯೇ ಕಾಣದೆ 2 ಕೆಲ್ವಿನ್ ಹತ್ತಿರ ಬಾಲ ಮಾತ್ರ ಏರಿದರೆ ದಿಬ್ಬದ ಎತ್ತರ ಹೇಳುವ ಹಕ್ಕು ನಿಮಗಿಲ್ಲ. ಮೂರು ಬಿಂದುವಿಗೆ ನೇರ ಗೆರೆ ಯಾವಾಗಲೂ ಚೆನ್ನಾಗಿಯೇ ಕೂರುತ್ತದೆ. ಕೆಳ ತಾಪಮಾನದಲ್ಲಿ ಅದು ಬಾಗುತ್ತಿದೆಯೇ ನೋಡಿ. ಬಾಗಿದರೆ ಸುರಂಗ ಅಥವಾ ರಾಮನ್ ಹಾದಿ (ಹರಳಿನ ಕಂಪನಗಳ ಮೂಲಕ ಸಡಿಲುವುದು) ಸೇರಿಕೊಂಡಿದೆ.

ಮ್ಯಾಂಗನೀಸ್-12ರಲ್ಲಿ 4ರಿಂದ 8 ಕೆಲ್ವಿನ್ ನಡುವಿನ ಮುಖ್ಯ ತುದಿಯ ಜೊತೆ 2–3 ಕೆಲ್ವಿನ್‌ನಲ್ಲಿ ಇನ್ನೊಂದು ಸಣ್ಣ ತುದಿ ಕಾಣುವುದುಂಟು. ಕಲ್ಮಶ ಎಂದು ಎಸೆಯುವ ಮುನ್ನ ಯೋಚಿಸಿ. ಒಂದು ಮ್ಯಾಂಗನೀಸ್(3)ರ ಹಿಗ್ಗಿದ ಅಕ್ಷ ಅಡ್ಡಕ್ಕೆ ಮಲಗಿದ ಅಣುಗಳು ಹೀಗೆ ಬೇಗ ಸಡಿಲುತ್ತವೆ. ಹರಳಿನ ದ್ರಾವಕ ಹೋದಾಗ ಈ ಪಾಲು ಹೆಚ್ಚಬಹುದು.

ಇನ್ನೊಂದು ಗೊಂದಲ ಕಾಲಮಾನದ್ದು. ಕುದುರೆಯ ಗುಲ್ಮದ ಫೆರಿಟಿನ್ ಸ್ಕ್ವಿಡ್‌ನಲ್ಲಿ 10–15 ಕೆಲ್ವಿನ್‌ನಲ್ಲಿ ‘ಹೆಪ್ಪುಗಟ್ಟಿದರೆ’, ಗಾಮಾ ಕಿರಣದಿಂದ ಕಬ್ಬಿಣದ ಬೀಜಕೇಂದ್ರವನ್ನು ನೋಡುವ ಮೋಸ್‌ಬೌವರ್‌ನಲ್ಲಿ 40ರ ಹತ್ತಿರ. ಯಾವುದೂ ಸುಳ್ಳಲ್ಲ. ಸ್ಕ್ವಿಡ್ ಒಂದು ಬಿಂದುವಿಗೆ ಹತ್ತಾರು ಸೆಕೆಂಡು ಕಾಯುತ್ತದೆ. ಮೋಸ್‌ಬೌವರ್ 10⁻⁸ ಸೆಕೆಂಡಿನ ಚಿತ್ರ ತೆಗೆಯುತ್ತದೆ. ಅದಕ್ಕೆ ಚಲಿಸುವ ಸ್ಪಿನ್ನೂ ನಿಂತಂತೆಯೇ ಕಾಣುತ್ತದೆ.

ನಮ್ಮ ಕಾಲೇಜಿನಲ್ಲಿ ಸ್ಕ್ವಿಡ್ ಇಲ್ಲ. ಏನು ಮಾಡಬಹುದು?

ಎನ್‌ಎಂಆರ್ ಇದ್ದರೆ ಎವಾನ್ಸ್ ವಿಧಾನ ಇದೆ. ದ್ರಾವಣ ಹೊರಗಿನ ನಳಿಗೆಯಲ್ಲಿ, ಶುದ್ಧ ದ್ರಾವಕ ಒಳಗಿನ ಸಣ್ಣ ಕ್ಯಾಪಿಲರಿಯಲ್ಲಿ. ಒಂದೇ ದ್ರಾವಕದ ಎರಡು ಗೆರೆಗಳ ಅಂತರವೇ ಉತ್ತರ. 400 ಮೆಗಾಹರ್ಟ್ಸ್ ಯಂತ್ರದಲ್ಲಿ 5 ಮಿಲಿಮೋಲಾರ್ ದ್ರಾವಣ, ಸ್ಪಿನ್ 2 ಆದರೆ ಸುಮಾರು 84 ಹರ್ಟ್ಸ್ ಅಂತರ ಬರಬೇಕು. ಯಂತ್ರದ ಪ್ರೋಬಿನೊಳಗಿನ ತಾಪಮಾನ ಪರದೆಯ ಅಂಕಿಗಿಂತ ಬೇರೆಯಿರಬಹುದು, ಮೆಥನಾಲ್ ಮಾದರಿಯಿಂದ ಸರಿನೋಡಿ. ಹಳೆಯ ಸೂತ್ರಗಳು ಅಡ್ಡ ಕ್ಷೇತ್ರದ ಯಂತ್ರಗಳಿಗೆ ಬರೆದವು. ಈಗಿನ ಸೂಪರ್‌ಕಂಡಕ್ಟಿಂಗ್ ಯಂತ್ರಕ್ಕೆ ಗುಣಾಂಕ ಬೇರೆ. ಈ ಎರಡರ ತಪ್ಪು ಬಳಕೆಯಿಂದ ಉತ್ತರ ನೇರ ದುಪ್ಪಟ್ಟು ವ್ಯತ್ಯಾಸವಾಗುತ್ತದೆ.

ಕಾಂತದ ಎಳೆತವನ್ನು ತೂಕವಾಗಿ ಅಳೆಯುವ ಗೂಯಿ ತಕ್ಕಡಿಯೂ ಸಾಕು. ಪಾದರಸ-ಕೋಬಾಲ್ಟ್ ಥಯೋಸಯನೇಟಿನಿಂದ (20 ಡಿಗ್ರಿಯಲ್ಲಿ ಗ್ರಾಂಗೆ 16.44 × 10⁻⁶) ತಕ್ಕಡಿ ಹದಗೊಳಿಸಿ, ತಾಮ್ರದ ಅಸಿಟೇಟ್ ಅಳೆಯಿರಿ. ಒಂಟಿ ಎಲೆಕ್ಟ್ರಾನಿಗೆ 1.73 ಬೋರ್ ಮ್ಯಾಗ್ನೆಟಾನ್ ಬರಬೇಕಾದಲ್ಲಿ 1.4ರ ಸುತ್ತ ಬರುತ್ತದೆ. ಎರಡು ತಾಮ್ರಗಳು ಜೋಡಿಯಾಗಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 1952ರಲ್ಲಿ ಬ್ಲೀನಿ ಮತ್ತು ಬೌವರ್ಸ್ ಬರೆದ ಸಮೀಕರಣ ಇದೇ ಉಪ್ಪಿನ ಮೇಲೆ ಹುಟ್ಟಿದ್ದು.

ಇವುಗಳಿಂದ ಹಾರ್ಡ್ ಡಿಸ್ಕ್ ಆಗುವುದು ಯಾವಾಗ?

ಬೇಗ ಆಗದು. ತಾಪಮಾನ ಏರಿದ್ದು ನಿಜ: ಡಿಸ್ಪ್ರೋಸಿಯಂ ಮೆಟಲೋಸೀನ್‌ಗಳು 2017ರಲ್ಲಿ 60 ಕೆಲ್ವಿನ್, 2018ರಲ್ಲಿ 80 ಕೆಲ್ವಿನ್ ತನಕ ಹಿಸ್ಟೆರಿಸಿಸ್ ತೋರಿದವು. ಅಂದರೆ ದ್ರವ ಸಾರಜನಕದ 77ನ್ನು ದಾಟಿತು. 2025ರಲ್ಲಿ ಇನ್ನೊಂದು ಡಿಸ್ಪ್ರೋಸಿಯಂ ಅಣು 100ಕ್ಕೆ ತಲುಪಿತು. ಆದರೆ ಇವು ಗಾಳಿ ತಾಗಿದರೆ ಹಾಳು. ಒಂದೊಂದು ಅಣುವನ್ನು ಮೇಲ್ಮೈ ಮೇಲೆ ಸಾಲಾಗಿ ಕೂರಿಸಿ ಓದುವ ಕೆಲಸ ಬೇರೆಯೇ ಇದೆ. ಕ್ವಾಂಟಂ ಬಿಟ್ಟುಗಳಾಗಿ ಬಳಸುವ ಸಂಶೋಧನೆ ಈಗ ಹೆಚ್ಚು ಜೀವಂತವಾಗಿದೆ. ಅರ್ಜಿಗಳಲ್ಲಿ ‘ಮುಂದಿನ ಪೀಳಿಗೆಯ ಮೆಮೊರಿ’ ಎಂದು ಬರೆಯುವವರು ಬರೆಯಲಿ.

ಈ ದಾರಿಗೆ ಏನು ಓದಿರಬೇಕು, ಯಾವ ಪರೀಕ್ಷೆ?

ಎಂಎಸ್ಸಿ ರಸಾಯನಶಾಸ್ತ್ರದ ನಂತರ ಸಿಎಸ್‌ಐಆರ್-ನೆಟ್ ಅಥವಾ ಗೇಟ್. ಬಿಎಸ್ಸಿಯಿಂದ ನೇರ ಬರುವವರಿಗೆ ಜ್ಯಾಮ್ ಪ್ರವೇಶ ಪರೀಕ್ಷೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ) 42,000, ಮೇಲೆ ಮನೆಬಾಡಿಗೆ ಭತ್ಯೆ.

ವಿಷಯದಲ್ಲಿ ಮೂರು ಕಡೆ ಗಟ್ಟಿಯಿರಬೇಕು: ಲಿಗ್ಯಾಂಡ್ ಕ್ಷೇತ್ರ ಸಿದ್ಧಾಂತ, ಗ್ರೂಪ್ ಥಿಯರಿ, ಕ್ವಾಂಟಂನಲ್ಲಿ ಕೋನೀಯ ಆವೇಗ ಕೂಡಿಸುವುದು. ಮೂರನೆಯದನ್ನು ನಮ್ಮ ರಸಾಯನಶಾಸ್ತ್ರದ ಪಠ್ಯಗಳು ಹಾರಿಸಿಬಿಡುತ್ತವೆ. ಭೌತಶಾಸ್ತ್ರ ವಿಭಾಗದ ತರಗತಿಯಲ್ಲಿ ಹೋಗಿ ಕೂತರೆ ನಷ್ಟವಿಲ್ಲ. ಗಣಿತ ಇಷ್ಟವಿರುವವರು ಪೂರ್ತಿ ಸಿದ್ಧಾಂತದ ಕಡೆಗೂ ಹೋಗಬಹುದು. ಹನ್ನೆರಡು ಸ್ಪಿನ್‌ಗಳ ಸ್ಥಿತಿಗಳು 5⁸ × 4⁴, ಅಂದರೆ 10 ಕೋಟಿ. ಇದನ್ನು ಪಳಗಿಸುವ ಲೆಕ್ಕಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ, ದಿಪ್ತಿಮಾನ್ ಸೇನ್ ಮೊದಲಾದವರು ಕೈಹಾಕಿದ್ದರು. ಪ್ರಯೋಗದವರಿಗೆ ಅಳತೆಗೆ ಲೆಕ್ಕ ಹೊಂದಿಸುವ ಪಿಎಚ್‌ಐ ಎಂಬ ಉಚಿತ ತಂತ್ರಾಂಶ ಸಾಕಾಗುತ್ತದೆ, ಆದರೆ ಹೊಂದಿಸುವ ಅಂಶಗಳು ಮೂರನ್ನು ಮೀರಿದರೆ ಉತ್ತರ ಒಂದಕ್ಕಿಂತ ಹೆಚ್ಚು ಬರುತ್ತವೆ ಎಂಬುದು ನೆನಪಿರಲಿ.

ಲ್ಯಾಬ್ ಆರಿಸುವಾಗ ಏನು ವಿಚಾರಿಸಬೇಕು?

ಮಾರ್ಗದರ್ಶಕರನ್ನಲ್ಲ, ನಾಲ್ಕನೇ ವರ್ಷದ ವಿದ್ಯಾರ್ಥಿಯನ್ನು ಕೇಳಿ. ಸ್ಕ್ವಿಡ್ ಅದೇ ಕ್ಯಾಂಪಸ್ಸಿನಲ್ಲಿದೆಯೇ, ಸರದಿಗೆ ಎಷ್ಟು ವಾರ? ಹೀಲಿಯಂ ಅಲ್ಲೇ ಮರುದ್ರವೀಕರಣ ಆಗುತ್ತದೆಯೇ? ಹೀಲಿಯಂ ನಮಗೆ ಆಮದಿನ ಸರಕು; ಪೂರೈಕೆ ನಿಂತರೆ ಯಂತ್ರ ತಿಂಗಳುಗಟ್ಟಲೆ ಮಲಗುವುದುಂಟು. ಕಬ್ಬಿಣದ ಕೆಲಸವಾದರೆ ಮೋಸ್‌ಬೌವರ್‌ನ ಕೋಬಾಲ್ಟ್-57 ಮೂಲ ಹೊಸದೇ? ಅದರ ಅರ್ಧಾಯುಷ್ಯ 272 ದಿನ. ಮೂರು ವರ್ಷ ಹಳೆಯ ಮೂಲದಲ್ಲಿ ಒಂದು ಸ್ಪೆಕ್ಟ್ರಮ್‌ಗೆ ಹದಿನಾರು ಪಟ್ಟು ಹೊತ್ತು ಕಾಯಬೇಕು. ದೇಶದಲ್ಲಿ ಐಐಟಿ ಮುಂಬೈ, ಐಸರ್ ಭೋಪಾಲ್ ಮುಂತಾದೆಡೆ ಕಾಂತೀಯ ಅಣುಗಳ ಕೆಲಸ ನಡೆಯುತ್ತಿದೆ.

ಪಿಎಚ್‌ಡಿ ನಂತರ?

ಅಧ್ಯಾಪಕ ಹುದ್ದೆ ಬೇಕಾದವರಿಗೆ ಬಹುತೇಕ ಪೋಸ್ಟ್‌ಡಾಕ್ ಆಗಲೇಬೇಕು. ಅಲ್ಲಿ ಪಿಎಚ್‌ಡಿಯದನ್ನೇ ಮುಂದುವರಿಸದೆ ಒಂದು ಹೊಸ ಕೌಶಲ್ಯ ಕಲಿಯಿರಿ: ಹೆಚ್ಚಿನ ಆವರ್ತನದ ಇಪಿಆರ್, ನ್ಯೂಟ್ರಾನ್ ಚದುರುವಿಕೆ ಅಥವಾ ಮೇಲ್ಮೈ ವಿಜ್ಞಾನ. ಹೊರಗೆ ಹೋಗುವವರಿಗೆ ಎಂಆರ್‌ಐ ಕಾಂಟ್ರಾಸ್ಟ್ ಔಷಧಿ (ಗ್ಯಾಡೋಲಿನಿಯಂನ ಏಳು ಒಂಟಿ ಎಲೆಕ್ಟ್ರಾನ್‌ಗಳೇ ಅದರ ಬಂಡವಾಳ), ಬ್ಯಾಟರಿ ಕ್ಯಾಥೋಡ್, ವೇಗವರ್ಧಕಗಳು, ಅಳತೆ ಯಂತ್ರ ಕಂಪನಿಗಳ ಅಪ್ಲಿಕೇಶನ್ ವಿಜ್ಞಾನಿ ಹುದ್ದೆಗಳಿವೆ. ಗಾಳಿಗೆ ತಾಗದಂತೆ ಕೆಲಸ ಮಾಡುವ ಕೈ, ಹರಳು ಬೆಳೆಸುವ ತಾಳ್ಮೆ ಎರಡಕ್ಕೂ ಗಿರಾಕಿ ಇದೆ.

ಲ್ಯಾಬಿನಲ್ಲಿ ನಿಜಕ್ಕೂ ಅಪಾಯಕಾರಿ ಯಾವುದು?

ಪರ್ಕ್ಲೋರೇಟ್ ಲವಣಗಳು. ಹರಳು ಚೆನ್ನಾಗಿ ಬರುತ್ತದೆಂದು ಎಲ್ಲರೂ ಬಳಸುತ್ತಾರೆ. ಒಣಗಿದ ಮೇಲೆ ಕೆರೆದರೆ, ಬಿಸಿ ಮಾಡಿದರೆ ಸಿಡಿಯಬಹುದು. ಮಿಲಿಗ್ರಾಂಗಳಲ್ಲೇ ಇರಲಿ, ಸಾಧ್ಯವಾದಲ್ಲಿ ಟ್ರಿಫ್ಲೇಟ್ ಬಳಸಿ. ಅಜೈಡ್ ಸೇತುವೆಯ ಗೊಂಚಲುಗಳೂ ಅಷ್ಟೇ. ಅಜೈಡಿಗೆ ಆಮ್ಲ ತಾಗಿಸಬೇಡಿ. ದೊಡ್ಡ ಮ್ಯಾಂಗನೀಸ್ ಬಳೆಗಳಿಗೆ ಬೇಕಾದ ಟೆಟ್ರಾಬ್ಯುಟೈಲ್‌ಅಮೋನಿಯಂ ಪರ್ಮ್ಯಾಂಗನೇಟನ್ನು ಓವನ್‌ನಲ್ಲಿ ಒಣಗಿಸಲೇಬಾರದು. ಕೋಣೆಯ ತಾಪಮಾನದಲ್ಲಿ, ನಿರ್ವಾತದಲ್ಲಿ ಒಣಗಿಸಿ, ಬೇಕಾದಷ್ಟೇ ಆಗಾಗ ಮಾಡಿಕೊಳ್ಳಿ.

ಮಾದರಿಯನ್ನು ಬೇರೆ ಊರಿಗೆ ಅಳತೆಗೆ ಕಳಿಸುವಾಗ?

ಗಾಳಿಗೆ ತಡೆಯುವ ಪುಡಿಯನ್ನು ಬಿಗಿ ಮುಚ್ಚಳದ ಸಣ್ಣ ಗಾಜಿನ ಸೀಸೆಯಲ್ಲಿ 50 ಮಿಲಿಗ್ರಾಂನಷ್ಟು ಕಳಿಸಿ, ಮರು ಅಳತೆಗೂ ಆಗುತ್ತದೆ. ದ್ರಾವಕ ಕಳೆದುಕೊಳ್ಳುವ ಹರಳನ್ನು ತಾಯಿದ್ರಾವಣದಲ್ಲೇ ಮುಳುಗಿಸಿ ಕಳಿಸಬೇಕು, ಸೋಸುವುದು ಅಳೆಯುವ ದಿನ ಅಲ್ಲೇ. ಗಾಳಿ ತಾಗಬಾರದ್ದನ್ನು ಕ್ವಾರ್ಟ್ಜ್ ನಳಿಗೆಗೆ ಹಾಕಿ, ನಿರ್ವಾತದಲ್ಲಿ ನಳಿಗೆಯ ಬಾಯಿ ಕರಗಿಸಿ ಮುಚ್ಚಿ, ಖಾಲಿ ನಳಿಗೆಯ ತೂಕ ಮತ್ತು ಅದೇ ಅಳತೆಯ ಇನ್ನೊಂದು ಖಾಲಿ ನಳಿಗೆ ಜೊತೆಗಿಡಿ; ಹಿನ್ನೆಲೆ ಕಳೆಯಲು ಅದು ಬೇಕೇ ಬೇಕು. ಚೀಟಿಯಲ್ಲಿ ಬ್ಯಾಚ್ ಸಂಖ್ಯೆ, ದ್ರಾವಕ ಸೇರಿದ ಪೂರ್ತಿ ಸೂತ್ರ, ಅಣುತೂಕ, ಪುಡಿ ಎಕ್ಸ್-ರೇ ಆದ ದಿನಾಂಕ ಬರೆಯಿರಿ. ಬೇಕಾದ ಕ್ಷೇತ್ರ ಮತ್ತು ತಾಪಮಾನಗಳನ್ನೂ ಬರೆಯಿರಿ: 0.1 ಟೆಸ್ಲಾದಲ್ಲಿ 2ರಿಂದ 300 ಕೆಲ್ವಿನ್, 2 ಕೆಲ್ವಿನ್‌ನಲ್ಲಿ 0ರಿಂದ 7 ಟೆಸ್ಲಾ, ಆಮೇಲೆ ಎಸಿ. ‘ಮಾಮೂಲಿ ಅಳತೆ’ ಎಂದಷ್ಟೇ ಬರೆದರೆ ಅವರ ಮಾಮೂಲಿ ಬರುತ್ತದೆ, ನಿಮ್ಮದಲ್ಲ.